ಎರಡನೇ ಮಹಾಯುದ್ಧದಲ್ಲಿ ಪಾರಿವಾಳವೊಂದು ವಿಮಾನ ಸಿಬ್ಬಂದಿಯ ಜೀವ ಉಳಿಸಿತ್ತಂತೆ, ನಿಜವೇ?

ನಿಜ. ಆದರೆ ಅದು ಚೀಟಿ ಹೊತ್ತು ತಂದಿರಲಿಲ್ಲ. ಮಜಾ ಇರೋದೇ ಅಲ್ಲಿ.

1942ರ ಫೆಬ್ರವರಿಯಲ್ಲಿ ನಾರ್ವೆ ಕಡೆಯಿಂದ ವಾಪಸಾಗುತ್ತಿದ್ದ ಬ್ರಿಟಿಷ್ ಬ್ಯೂಫೋರ್ಟ್ ಬಾಂಬರ್ ಉತ್ತರ ಸಮುದ್ರಕ್ಕೆ ಬಿತ್ತು. ಕೊರೆಯುವ ಚಳಿ, ನಡುನೀರಿನಲ್ಲಿ ನಾಲ್ವರು. ಎಲ್ಲಿದ್ದೇವೆ ಅಂತ ದಡಕ್ಕೆ ಸರಿಯಾಗಿ ತಿಳಿಸಲೂ ಆಗಲಿಲ್ಲ. ಜೊತೆಗಿದ್ದ ಪಾರಿವಾಳ ವಿಂಕಿ ಮಾತ್ರ ಹಾರಿತು. ಸುಮಾರು 190 ಕಿ.ಮೀ. ದೂರ, ಸ್ಕಾಟ್ಲೆಂಡಿನ ಡಂಡಿ ಹತ್ತಿರದ ತನ್ನ ಗೂಡಿಗೆ. ಬಂದಾಗ ರೆಕ್ಕೆಯೆಲ್ಲಾ ಎಣ್ಣೆ, ಪೂರ್ತಿ ಸುಸ್ತು. ಸಾಕಿದವರು ತಕ್ಷಣ ವಾಯುಪಡೆಗೆ ತಿಳಿಸಿದರು.

ಮುಂದಿನದು ಲೆಕ್ಕದ ಕೆಲಸ. ವಿಮಾನ ಬಿದ್ದ ಹೊತ್ತು, ಹಕ್ಕಿ ಗೂಡು ಸೇರಿದ ಹೊತ್ತು, ಗಾಳಿಯ ದಿಕ್ಕು, ಎಣ್ಣೆ ಮೆತ್ತಿಕೊಂಡ ರೆಕ್ಕೆಯಿಂದ ಎಷ್ಟು ನಿಧಾನವಾಗಿರಬಹುದು, ಇದೆಲ್ಲ ಸೇರಿಸಿ ಜಾಗ ಅಂದಾಜು ಮಾಡಿದರು. ನಾಲ್ವರೂ ಸಿಕ್ಕರು. 1943ರಲ್ಲಿ ವಿಂಕಿಗೆ, ಯುದ್ಧದಲ್ಲಿ ನೆರವಾದ ಪ್ರಾಣಿ-ಪಕ್ಷಿಗಳಿಗೆ ಕೊಡುವ ಡಿಕಿನ್ ಪದಕವೂ ಬಂತು.