ತುಮಕೂರಿನಲ್ಲಿ ರಸ್ತೆ, ಚರಂಡಿ ಕೆಲಸದ ಬಗ್ಗೆ ಜನ ಹೇಳಿದ್ದನ್ನು ಯಾರಾದರೂ ಕೇಳುತ್ತಾರಾ?

ಹೊಸದಾಗಿ ತುಮಕೂರಿಗೆ ಬಂದಿದ್ದೀರಿ, ಬಡಾವಣೆ ಕೆಲಸಗಳಲ್ಲಿ ನಮ್ಮಂಥವರ ಮಾತು ನಡೆಯುತ್ತದಾ ಅಂತ ಕೇಳಿದ್ದೀರಿ. ನಡೆಯುತ್ತದೆ, ಆದರೆ ಜೆಸಿಬಿ ಬರುವ ಮುಂಚೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಅಗೆದ ರಸ್ತೆ ನೋಡಿ ನೋಡಿ ಕಲಿತ ಪಾಠ ಇದು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗೆ ಹೊಸ ಚರಂಡಿ ಬಂತು. ಮೊದಲ ಮಳೆಗೇ ನೀರು ನಮ್ಮ ಗೇಟಿನ ಮುಂದೆ ನಿಂತಿತು. ಗುತ್ತಿಗೆದಾರರನ್ನು ಕೇಳಿದರೆ "ಎಸ್ಟಿಮೇಟ್‌ನಲ್ಲಿ ಇದ್ದಂಗೆ ಮಾಡಿದ್ದೀವಿ ಸಾರ್" ಅಂದರು. ಸುಳ್ಳೇನಲ್ಲ. ಎಸ್ಟಿಮೇಟ್ ಬರೆದವರು ಮಳೆಯಲ್ಲಿ ನಮ್ಮ ಬೀದಿ ನೋಡಿರಲಿಲ್ಲ, ನಾವು ಎಸ್ಟಿಮೇಟ್ ನೋಡಿರಲಿಲ್ಲ.

ಪಕ್ಕದ ಅಡ್ಡರಸ್ತೆಯ ಸರದಿ ಬರುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಅಲ್ಲಿರುವ ಗಾರೆ ಮೇಸ್ತ್ರಿ ಮಟ್ಟ ನೋಡುವ ಪೈಪಿಗೆ ನೀರು ತುಂಬಿಕೊಂಡು ಬಂದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅದರಿಂದ ಏರು ತಗ್ಗು ಗೊತ್ತಾಗುತ್ತದೆ. ಎಲ್ಲರೂ ಪೂರ್ವಕ್ಕೆ ಇಳಿಜಾರು ಅಂದುಕೊಂಡಿದ್ದ ರಸ್ತೆ ಪಶ್ಚಿಮಕ್ಕೆ ನಾಲ್ಕು ಬೆರಳು ತಗ್ಗಿತ್ತು! ಕಾಂಪೌಂಡ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಂಜಿನಿಯರ್‌ಗೆ ತೋರಿಸಿದೆವು. ಹತ್ತು ನಿಮಿಷ ನೋಡಿ ನಕ್ಷೆಯಲ್ಲೇ ತಿದ್ದಿಕೊಂಡರು. ಸುಮ್ನೆ ಕೂಗಾಡಿದ್ದರೆ ಇದು ಆಗುತ್ತಿತ್ತಾ?

ಕಾನೂನೂ ನಿಮ್ಮ ಕಡೆ ಇದೆ. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಲ್ಲಿ ವಾರ್ಡ್ ಸಮಿತಿ, ಅಂದರೆ ವಾರ್ಡಿನ ಕೆಲಸಗಳನ್ನು ನೋಡಿಕೊಳ್ಳುವ ಸಮಿತಿ, ಇರಬೇಕು. 2011ರ ಜನಗಣತಿಯಲ್ಲೇ ತುಮಕೂರು ಆ ಗೆರೆ ದಾಟಿದೆ, ಸ್ವಲ್ಪದರಲ್ಲಿ. ನಮ್ಮ ರಾಜ್ಯದ ಕಾಯ್ದೆಯಂತೆ ಸಮಿತಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ನಿವಾಸಿಗಳ ಸಂಘದ ಕನಿಷ್ಠ ಇಬ್ಬರು ಇರಬೇಕು. ಊರಲ್ಲಿ 35 ವಾರ್ಡ್ ಇವೆ. ನಿಮ್ಮದು ಯಾವುದು, ಅಲ್ಲಿ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ ಅಂತ ಮೊದಲು ಕೇಳಿ.

ಹೊತ್ತು ಮುಖ್ಯ. ಏಪ್ರಿಲ್‌ನಿಂದ ಮಹಾನಗರ ಪಾಲಿಕೆಯ ಹೊಸ ಬಜೆಟ್ ಶುರು, ಹಾಗಾಗಿ ಡಿಸೆಂಬರ್, ಜನವರಿಯಲ್ಲೇ ಪಾಲಿಕೆಗೆ ಲಿಖಿತ ಮನವಿ ಕೊಡಿ. ಬಜೆಟ್ ಪೂರ್ವಭಾವಿ ಸಭೆ ಕರೆದರೆ ತಪ್ಪದೆ ಹೋಗಿ, ಜನ ಜಾಸ್ತಿ ಇರುವುದಿಲ್ಲ. ಎಸ್ಟಿಮೇಟ್ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆಯಬೇಡಿ.

ಅಂದಹಾಗೆ, ಆ ಮಟ್ಟ ನೋಡುವ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಇಲ್ಲದಿದ್ದರೆ ಮಟ್ಟ ತಪ್ಪು ತೋರಿಸುತ್ತದೆ.