ಬುಕೋಬಾಗೆ ವಿಮಾನದಲ್ಲಿ ಹೋಗೋದು ಸೇಫಾ, ಇಲ್ಲಾ ಹಡಗೇ ವಾಸಿನಾ?

ಟಾಂಜಾನಿಯಾದ ಬುಕೋಬಾದಲ್ಲಿ ಕೆಲಸ ಸಿಕ್ಕಿದೆ, ಏರ್‌ಪೋರ್ಟ್ ವಿಡಿಯೋ ನೋಡಿ ಭಯ ಆಯ್ತು ಅಂದಿದೀರಿ. ನಾನು ಸಕಲೇಶಪುರದವನು, ಕಾಫಿ ಕೆಲಸಕ್ಕೇ ಅಲ್ಲಿದ್ದೆ. ರನ್‌ವೇ ಒಂದು ತುದಿ ಲೇಕ್ ವಿಕ್ಟೋರಿಯಾ ದಡದಲ್ಲೇ ಇದೆ, ಇಳಿಯುವಾಗ ಕಿಟಕಿ ತುಂಬ ಬರೀ ನೀರು.

2018 ಏಪ್ರಿಲ್, ತಂಗಿ ಮದುವೆ. ಬೆಳಗ್ಗೆ ಬುಕೋಬಾ ಬಿಟ್ಟು ಅದೇ ಸಂಜೆ ದಾರ್ ಎಸ್ ಸಲಾಮ್‌ನಿಂದ ಮುಂಬೈ ಫ್ಲೈಟ್, ಎರಡೂ ಬೇರೆ ಬೇರೆ ಟಿಕೆಟ್, ಮಧ್ಯೆ ನಾಲ್ಕೇ ಗಂಟೆ. ಇದೇ ನಾನು ಮಾಡಿದ ತಪ್ಪು. ಬೇರೆ ಟಿಕೆಟ್ ಅಂದ್ರೆ ಮೊದಲನೇದು ತಪ್ಪಿದ್ರೆ ಎರಡನೇದಕ್ಕೆ ಯಾರೂ ಜವಾಬ್ದಾರರಲ್ಲ, ಮೇಲಾಗಿ ಏಪ್ರಿಲ್ ಅಲ್ಲಿ ಮಸಿಕಾ, ದೊಡ್ಡ ಮಳೆಗಾಲ, ಲೇಕ್ ಮೇಲೆ ಗುಡುಗು ಮಳೆ ಕಟ್ಟೋದೇ ರಾತ್ರಿ, ಬೆಳಗಾದ್ರೂ ಎಷ್ಟೋ ಸಲ ಬಿಡಲ್ಲ, ನಾನು ಹುಡುಕಿ ಹುಡುಕಿ ಬೆಳಗಿನ ಫ್ಲೈಟೇ ತಗೊಂಡಿದ್ದೆ. ಕ್ಯಾನ್ಸಲ್ ಆಯ್ತು. ಇಷ್ಟು ಮಳೆಗೆಲ್ಲ ನಿಲ್ಲಿಸ್ತೀರಾ ಅಂತ ಕೌಂಟರಲ್ಲಿದ್ದ ಹುಡುಗಿ ಮೇಲೆ ಕೂಗಾಡಿದೆ. ಊರು ಮುಟ್ಟೋ ಹೊತ್ತಿಗೆ ಧಾರೆ ಮುಗಿದು ಎರಡು ದಿನ ಆಗಿತ್ತು.

ಆಮೇಲೆ 2022 ನವೆಂಬರ್ 6. ದಾರ್‌ನಿಂದ ಬಂದ ಪ್ರಿಸಿಷನ್ ಏರ್ ಕಂಪನಿಯ ಎಟಿಆರ್ 42 ವಿಮಾನ, ಬೆಳಗ್ಗೆ ಕೆಟ್ಟ ಹವೆಯಲ್ಲಿ ಇಳಿಯೋಕೆ ಬಂದು ರನ್‌ವೇ ಮುಟ್ಟೋ ಮೊದಲೇ ಲೇಕಿಗೆ ಬಿತ್ತು. ಒಳಗಿದ್ದ 43 ಜನರಲ್ಲಿ ಪೈಲಟ್‌ಗಳಿಬ್ಬರೂ ಸೇರಿ 19 ಜನ ಹೋದ್ರು. ಮೊದಲು ದೋಣಿ ತಗೊಂಡು ಓಡಿದ್ದು ಅಲ್ಲಿನ ಮೀನುಗಾರರು, ಅವರಿಲ್ದಿದ್ರೆ ಉಳಿದ 24ರಲ್ಲಿ ಎಷ್ಟು ಜನ ಬದುಕ್ತಿದ್ರೋ. ಸುದ್ದಿ ನೋಡ್ತಾ ನನಗೆ ಆ ಹುಡುಗಿ ಮುಖವೇ ಕಣ್ಮುಂದೆ. ಅವತ್ತು ನಾನು ಗಲಾಟೆ ಮಾಡಿ ಕೇಳಿದ್ದು ಇಂಥ ಮಳೆಯಲ್ಲಿ ಹಾರಿಸಿ ಅಂತಲೇ ಅಲ್ವಾ.

ಹಡಗೇ ಸೇಫ್ ಅನ್ನೋ ನಿಮ್ಮ ಲೆಕ್ಕ ನಾನಂತೂ ಒಪ್ಪಲ್ಲ. 1996 ಮೇ 21ರಂದು ಬುಕೋಬಾದಿಂದ ಲೇಕಿನ ದಕ್ಷಿಣ ದಡದ ಮ್ವಾಂಜಾ ಊರಿಗೆ ಮಿತಿ ಮೀರಿ ಜನ ತುಂಬ್ಕೊಂಡು ಬರ್ತಿದ್ದ ಎಂವಿ ಬುಕೋಬಾ ಅನ್ನೋ ಹಡಗು ಮುಳುಗಿ ನೂರಾರು ಜನ ಸತ್ರು, ಊರಲ್ಲಿ ಹಳಬರು ಇವತ್ತಿಗೂ ಅದನ್ನ ಹೇಳ್ತಾರೆ. ವಿಮಾನವೋ ಹಡಗೋ ಅನ್ನೋದಲ್ಲ, ಹವೆ ಕೆಟ್ರೆ ನಿಲ್ಲೋಕೆ ನಿಮ್ಮ ಹತ್ರ ಒಂದು ದಿನ ಇದೆಯಾ ಅನ್ನೋದು ನೋಡಿ. ವಿಮಾನದಲ್ಲೇ ಹೋಗಿ, ದಾರ್‌ನಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಕ್ಯಾನ್ಸಲ್ ಅಂದ್ರೆ ಸುಮ್ನೆ ರೂಮಿಗೆ ವಾಪಸ್ ಹೋಗಿ. ಜಾಯಿನಿಂಗ್ ಡೇಟ್ ನಿಮ್ಮ ಕೈಲಿದ್ರೆ ಜೂನ್ ಕೇಳಿ, ಆಗ ಮಳೆ ಕಮ್ಮಿ.