ಮಣಿಪಾಲದ ಏರು, ಎಂಟು ಸಾವಿರ ಬಜೆಟ್: ಗೇರ್ ಮೊದಲು, ಚಕ್ರ ಆಮೇಲೆ

ಎಂಟು ಸಾವಿರ ರೂಪಾಯಿಯಲ್ಲಿ ಸೈಕಲ್ಲಿಗೆ ಹಗುರವಾದ ವೀಲ್‌ಸೆಟ್ (ಎರಡೂ ಚಕ್ರ) ಹಾಕಿಸಿದರೆ ಮಣಿಪಾಲದ ಏರು ಸುಲಭವಾದೀತೇ ಎಂದು ಫೋಟೋ ಸಮೇತ ಕೇಳಿದ್ದೀರಿ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವಾಗ ಕಾಲು ಸೋಲುವುದಕ್ಕೆ ಕಾರಣ ಚಕ್ರದ ತೂಕವಲ್ಲ, ಗೇರ್. ಹಿಂದಿನ ದೊಡ್ಡ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಗಾಲಿ) 25 ಹಲ್ಲಿನದು ಎಂದಿದ್ದೀರಲ್ಲ, ಅಲ್ಲೇ ಇದೆ ತೊಂದರೆ: ಅಲ್ಲಿ ಹಲ್ಲು ಹೆಚ್ಚಿದಷ್ಟೂ ಹತ್ತುವುದು ಹಗುರ. ಎಂಟು ಸಾವಿರವನ್ನು ಹೊಸ ವೀಲ್‌ಸೆಟ್‌ಗೆ ಸುರಿಯಬೇಡಿ. ಆ ದುಡ್ಡಿಗೆ ಹಗುರವಾದದ್ದು ಸಿಗುವುದು ಅಪರೂಪ.

ಮೊದಲು ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮೇಲಿರುವ ಮಾಡೆಲ್ ಸಂಖ್ಯೆ ಓದಿ, ಅದು ಗರಿಷ್ಠ ಎಷ್ಟು ಹಲ್ಲಿಗೆ ಒಗ್ಗುತ್ತದೆ ನೋಡಿ. ಫೋಟೋದಲ್ಲಿ ಅದರ ಕೇಜ್ (ಚೈನ್ ಹಿಡಿದಿಡುವ ಕೆಳಗಿನ ತೋಳು) ಗಿಡ್ಡವೋ ಉದ್ದವೋ ಗೊತ್ತಾಗುತ್ತಿಲ್ಲ. 32 ಹಿಡಿಸುತ್ತದಾದರೆ 8 ಸ್ಪೀಡಿನ 11-32 ಕ್ಯಾಸೆಟ್ (11ರಿಂದ 32 ಹಲ್ಲಿನವರೆಗಿನ ಎಂಟು ಸ್ಪ್ರಾಕೆಟ್ಟುಗಳ ಗುಚ್ಛ) ಹಾಕಿಸಿ, ಏರಿಗೆ ಬಳಸುವ ಕಡೆಯ ಗೇರ್ ಸುಮಾರು ಶೇ. 22ರಷ್ಟು ಹಗುರವಾಗುತ್ತದೆ. 28 ಮಾತ್ರ ಎಂದಾದರೆ 11-28. ಹಳೆಯ ಚೈನ್ ಉದ್ದ ಸಾಲದೇ ಹೋಗಬಹುದು, ಜೊತೆಗೆ ಹೊಸದನ್ನೇ ಹಾಕಿಸಿ. ಹೇಗೂ ನಮ್ಮ ಉಪ್ಪುಗಾಳಿ, ಮಳೆ ಅದನ್ನು ಅರ್ಧ ತಿಂದಿರುತ್ತವೆ.

ಉಳಿದದ್ದು ಟೈರಿಗೆ. ಈಗಿನ 23 ಮಿ.ಮೀ. ಅಗಲದ್ದರ ಬದಲು 28 ಮಿ.ಮೀ.ನದು, ಆದರೆ ಫ್ರೇಮ್, ಬ್ರೇಕ್ ಎರಡರಲ್ಲೂ ಟೈರಿನ ಸುತ್ತ 4 ಮಿ.ಮೀ. ಜಾಗ ಉಳಿಯಬೇಕು, ಇಲ್ಲದಿದ್ದರೆ 25ಕ್ಕೇ ನಿಲ್ಲಿ. ಬ್ರೇಕ್ ರಬ್ಬರ್ ಸವೆದಿದ್ದರೆ ಮಾತ್ರ ಟೈರಿಗಿಂತ ಮೊದಲು ಅದನ್ನು ಬದಲಿಸಿ, ಹತ್ತಿದ ಏರನ್ನು ಮಳೆಯಲ್ಲಿ ಇಳಿಯಲೂ ಬೇಕಲ್ಲ.